ರಾತ್ರಿ ಯಾವ ದಿನದ್ದು

ಆ ಮನೆಗೆ ಇಬ್ಬರು ಅಳಿಯಂದಿರು. ದೊಡ್ಡಳಿಯ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಚಿಕ್ಕಳಿಯ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರ್. ಅಕ್ಕತಂಗಿಯರ ಗಂಡಂದಿರು, ಅಂದರೆ ಷಡ್ಡಕರು. ಷಡ್ಡಕರ ನಡುವೆ ಒಂದಿಷ್ಟು ಮೇಲಾಟ ಇದ್ದದ್ದೇ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಯಾರ ಸ್ಕೂಟರ್ ಹೊಸದು, ಯಾರ ಮಗು ಮೊದಲು ಮಾತಾಡಿತು, ಅತ್ತೆ ಯಾರ ತಟ್ಟೆಗೆ ಕೇಳದೆಯೇ ಎರಡನೇ ಸಲ ಬಡಿಸಿದರು, ಇಷ್ಟರಲ್ಲೇ ಮುಗಿಯುವ ವ್ಯವಹಾರ ಅದು. ನಮ್ಮ ದೊಡ್ಡಳಿಯನ ಹೊಟ್ಟೆಕಿಚ್ಚು ಮಾತ್ರ ಇಷ್ಟಕ್ಕೆ ತಣ್ಣಗಾಗುವ ಪೈಕಿ ಅಲ್ಲ. ಅದಕ್ಕೆ ಕಾರಣ ‘ಪಾಳಿ’.

‘ಪಾಳಿ’ ಎಂದರೆ ಅವನು ಬರೆದ ತಂತ್ರಾಂಶ. ಯಾರಿಗೆ ಯಾವ ದಿನ ಹಗಲು ಡ್ಯೂಟಿ, ಯಾರಿಗೆ ರಾತ್ರಿ ಡ್ಯೂಟಿ, ಯಾರಿಗೆ ರಜೆ, ಇದನ್ನೆಲ್ಲ ಜಗಳವಿಲ್ಲದೆ ಹಂಚುವುದು ಅದರ ಕೆಲಸ. ಹೆಂಡತಿ ವಾರ್ಡಿನಲ್ಲಿ ರಾತ್ರಿ ನರ್ಸಾಗಿದ್ದ ಕಾಲದಲ್ಲಿ, ಮಗಳಿನ್ನೂ ಕೂಸಾಗಿದ್ದಾಗ, ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತ ಇನ್ನೊಂದು ಕೈಯಲ್ಲಿ ಬರೆದದ್ದು. ಮುಕ್ತ ತಂತ್ರಾಂಶ ಎಂದು ಊರಿಗೆಲ್ಲ ಬಿಟ್ಟುಕೊಟ್ಟ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ಒಳಗಿನ ಬರಹ ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು. ಬರಬರುತ್ತಾ ಎಷ್ಟೋ ಆಸ್ಪತ್ರೆಗಳು, ಹಾಸ್ಟೆಲುಗಳು, ಅಗ್ನಿಶಾಮಕ ಠಾಣೆಗಳು ಪಾಳಿಯನ್ನು ನೆಚ್ಚಿಕೊಂಡವು. ಬಳಸುವವರು, ತಿದ್ದುವವರು, ಸುಮ್ಮನೆ ಮೂಗು ತೂರಿಸುವವರು ಎಲ್ಲ ಸೇರಿ ಇಂಟರ್ನೆಟ್ಟಿನಲ್ಲಿ ಒಂದು ಚರ್ಚೆಯ ಜಾಗ ಮಾಡಿಕೊಂಡರು. ಅದನ್ನು ಅಂಗಳ ಎನ್ನುತ್ತಿದ್ದರು. ಅಂಗಳದಲ್ಲಿ ದೊಡ್ಡಳಿಯನಿಗೆ ‘ಯಜಮಾನ್ರು’ ಎಂದೇ ಹೆಸರು. ಬಂದ ತಿದ್ದುಪಡಿಯನ್ನು ಒಳಗೆ ಸೇರಿಸುವ ಅಧಿಕಾರ ಅವನೊಬ್ಬನದೇ. ಅದಕ್ಕೆ ಅವರು ಬೀಗದ ಕೈ ಎನ್ನುತ್ತಿದ್ದರು. ಲ್ಯಾಬಿನಲ್ಲಿ ಡಾಕ್ಟರುಗಳ ಕೈಯಲ್ಲಿ ದಿನವಿಡೀ ‘ಏಯ್, ರಿಪೋರ್ಟ್ ಎಲ್ಲಿ’ ಎನ್ನಿಸಿಕೊಳ್ಳುವವನಿಗೆ ಆ ಕೈ ಎಷ್ಟು ದೊಡ್ಡ ಆಸ್ತಿ ಎಂದು ಬೇರೆಯವರಿಗೆ ತಿಳಿಯುವುದಿಲ್ಲ.

ಇಂಥ ಅಂಗಳಕ್ಕೆ ಚಿಕ್ಕಳಿಯನನ್ನು ಕೈ ಹಿಡಿದು ಕರೆತಂದವನು ಸ್ವತಃ ದೊಡ್ಡಳಿಯ. ಒಂದು ಭಾನುವಾರ ಅತ್ತೆಯ ಮನೆಯಲ್ಲಿ ಊಟ ಮುಗಿಸಿ ಕೊಚ್ಚಿಕೊಳ್ಳುತ್ತಾ ಕೂತಿದ್ದಾಗ, ‘ನಿಂಗೂ ಸ್ವಲ್ಪ ಕಂಪ್ಯೂಟರ್ ಗೊತ್ತಲ್ಲ, ಬಂದು ನೋಡು, ಕಲ್ತ್ಕೋಬಹುದು’ ಎಂದಿದ್ದ. ಬಂದ. ಪಂಪ್‌ಹೌಸಿನವನಲ್ಲವೇ, ‘ಪಂಪಣ್ಣ’ ಎಂದು ಹೆಸರಿಟ್ಟುಕೊಂಡ. ಕಲಿಯಲು ಬಂದವನು ಕಲಿತ, ಕಲಿತವನು ತಿದ್ದತೊಡಗಿದ, ತಿದ್ದಿದ್ದೆಲ್ಲ ಸರಿಯಾಗಿಯೇ ಇತ್ತು. ತಪ್ಪಿದ್ದರೆ ದೊಡ್ಡಳಿಯ ಕ್ಷಮಿಸುತ್ತಿದ್ದನೋ ಏನೋ.

ಅಂಗಳದ ಜನ ಪಂಪಣ್ಣನನ್ನು ತಲೆಯ ಮೇಲೆ ಕೂರಿಸಿಕೊಂಡರು. ‘ಪಂಪಣ್ಣ, ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು’ ಎಂದು ಅಗ್ನಿಶಾಮಕ ಠಾಣೆಯವನು ಬರೆದ. ಅದೇ ಠಾಣೆಯವನು ಯಜಮಾನ್ರ ಕೆಲಸಕ್ಕೆ ಇಷ್ಟು ವರ್ಷ ‘ಥ್ಯಾಂಕ್ಸ್’ ಎಂಬ ಒಂದು ಪದದಿಂದ ಕೈ ತೊಳೆದುಕೊಂಡಿದ್ದ. ದೊಡ್ಡಳಿಯ ಬಳೆಯ ಮಾತನ್ನು ಮತ್ತೆ ಮತ್ತೆ ಓದಿದ. ಓದಿದಷ್ಟು ಸಲವೂ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಇಬ್ಬರೂ ಷಡ್ಡಕರೆಂದು ಅಂಗಳದಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹೇಳುವ ಮನಸ್ಸೂ ಅವನಿಗೆ ಬರಲಿಲ್ಲ. ಹೇಳಿದರೆ ‘ಓ, ಪಂಪಣ್ಣನ ಸಂಬಂಧಿಕರಾ ನೀವು?’ ಎಂದು ಬಿಟ್ಟಾರೆಂಬ ಭಯ.

ಹೀಗೆ ಒಳಗೊಳಗೇ ಹೊಗೆಯಾಡುತ್ತಿದ್ದದ್ದು ಹೊತ್ತಿಕೊಂಡಿದ್ದು ಒಂದು ರಾತ್ರಿಯ ವಿಷಯಕ್ಕೆ.

ರಾತ್ರಿ ಪಾಳಿ ಒಂದು ದಿನ ಶುರುವಾಗಿ ಇನ್ನೊಂದು ದಿನ ಮುಗಿಯುತ್ತದೆ. ಹಾಗಾದರೆ ಅದು ಯಾವ ದಿನದ್ದು? ದೊಡ್ಡಳಿಯ ಬರೆದಿದ್ದ ಪ್ರಕಾರ ಮುಗಿದ ದಿನದ್ದು. ಶುಕ್ರವಾರ ರಾತ್ರಿ ಹೋಗಿ ಶನಿವಾರ ಬೆಳಿಗ್ಗೆ ಬಂದರೆ ಪಾಳಿಯ ಲೆಕ್ಕದಲ್ಲಿ ಅದು ಶನಿವಾರದ ರಾತ್ರಿ. ಪಂಪ್‌ಹೌಸಿನಲ್ಲೂ ಈಗ ಪಾಳಿಯದೇ ಲೆಕ್ಕ, ಇದರಿಂದ ಪಂಪಣ್ಣನಿಗೇ ಪೆಟ್ಟು ಬಿತ್ತು. ಶನಿವಾರ ರಾತ್ರಿ ರಜೆ ಕೇಳಿದ್ದ, ಹೆಂಡತಿಯನ್ನು ನಾಟಕಕ್ಕೆ ಕರೆದೊಯ್ಯುವುದಿತ್ತು. ಪಾಳಿ ಅವನಿಗೆ ಶುಕ್ರವಾರ ರಾತ್ರಿ ರಜೆ ಕೊಟ್ಟು, ಶನಿವಾರ ರಾತ್ರಿ ಪಂಪ್‌ಹೌಸಿನಲ್ಲಿ ಕೂರಿಸಿತು. ಆ ಹೆಂಡತಿ, ಅಂದರೆ ದೊಡ್ಡಳಿಯನ ನಾದಿನಿ, ಒಬ್ಬಳೇ ನಾಟಕ ನೋಡಿಕೊಂಡು ಬಂದಳು. ಪಂಪಣ್ಣ ಅಂಗಳದಲ್ಲಿ ವಿನಯವಾಗಿ ಒಂದು ತಿದ್ದುಪಡಿ ಇಟ್ಟ: ರಾತ್ರಿ ಯಾವ ದಿನ ಶುರುವಾಗುತ್ತದೋ ಆ ದಿನದ್ದೇ ಆಗಲಿ.

ದೊಡ್ಡಳಿಯನ ಉತ್ತರ ಆ ದಿನವೇ ಬಿತ್ತು. ‘ಪಾಳಿ ಮುಗಿಸಿದ ಮೇಲೆ ಸಹಿ. ಸಹಿ ಬಿದ್ದ ದಿನವೇ ಪಾಳಿಯ ದಿನ. ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದ ತೊಂದರೆ ತಮ್ಮ ಕಣ್ಣಿಗೆ ಬಿದ್ದಿದ್ದು ಪರಮ ಸಂತೋಷ. ತಾವು ದಯಮಾಡಿ ಹಳೆಯ ಚರ್ಚೆಗಳನ್ನು ಓದಿಕೊಂಡು ಬರಬೇಕು.’ ಮನೆಯಲ್ಲಿ ‘ಏನೋ’ ಎಂದು ಕರೆಯುವವನಿಗೆ ‘ತಾವು’ ಎಂದರೆ ಅದು ಮರ್ಯಾದೆಯಲ್ಲ, ಕೆನ್ನೆಗೆ ಕೊಡುವ ಏಟು. ಪಂಪಣ್ಣನೂ ‘ತಾವು’ ಎಂದೇ ತಿರುಗಿ ಬರೆದ. ಆಮೇಲೆ ಒಬ್ಬೊಬ್ಬರಾಗಿ ಇಳಿದರು. ಒಬ್ಬ ಉಪ್ಪುಖಾರ ಹಚ್ಚಿದ, ಒಬ್ಬ ಉರಿಯುವುದಕ್ಕೆ ತುಪ್ಪ ಸುರಿದ. ವಿಷಯವೇ ಗೊತ್ತಿಲ್ಲದವರು ಎಲ್ಲರಿಗಿಂತ ಉದ್ದ ಬರೆದರು. ಕೊನೆಗೆ ಅಗ್ನಿಶಾಮಕ ಠಾಣೆಯವನು ಕಡ್ಡಿ ಮುರಿದಂತೆ ಹೇಳಿಬಿಟ್ಟ: ‘ಯಜಮಾನ್ರೊಬ್ಬರ ಕೈಲೇ ಬೀಗದ ಕೈ ಇದ್ರೆ ಹಿಂಗೇ ಆಗೋದು. ಇನ್ನೊಂದು ಕೈ ಪಂಪಣ್ಣಂಗೆ ಕೊಡಿ.’ ಅದಕ್ಕೆ ಹೌದು ಹೌದು ಎನ್ನುವವರ ಸಾಲು ಬೆಳೆಯುತ್ತಾ ಹೋಯಿತು.

ದೊಡ್ಡಳಿಯ ಆ ಸಾಲನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಓದಿದ. ಚಹಾ ಆರಿ ತಣ್ಣಗಾಯಿತು. ಅವನು ಹೊತ್ತು ಹೆತ್ತದ್ದು, ಹೆಸರಿಟ್ಟದ್ದು, ಸಾಕಿದ್ದು. ನಿನ್ನೆ ಮೊನ್ನೆ ಬಂದವನು ಎತ್ತಿಕೊಂಡರೆ ಮಗು ಅವನ ಹೆಗಲಿಗೇ ಅಂಟಿಕೊಳ್ಳುವುದೇ? ಅಲ್ಲೇ ಕೂತು ಫೋನಿನಲ್ಲೇ ಅಂಗಳಕ್ಕೆ ಒಂದು ಕಾಗದ ಬರೆದ. ‘ಇನ್ನು ಮುಂದೆ ನನ್ನ ದಾರಿ ನನಗೆ. ನಾನು ಬೇರೆ ಒಲೆ ಹೂಡುತ್ತಿದ್ದೇನೆ. ಪಾಳಿ ಎಂಬ ಹೆಸರು, ಅದರ ವಿಳಾಸ, ಬೀಗದ ಕೈ ನನ್ನ ಜೊತೆ ಬರುತ್ತವೆ.’ ಹೀಗೆ ಮಾಡಿದರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಾಳಿ ಎರಡು ಹೋಳಾಗುತ್ತದೆ, ನೆಚ್ಚಿಕೊಂಡ ಆಸ್ಪತ್ರೆಗಳು ಯಾವ ಹೋಳನ್ನು ಹಿಡಿಯಬೇಕೆಂದು ತಿಳಿಯದೆ ಕೈ ಬಿಡುತ್ತವೆ, ಹತ್ತಾರು ಜನರ ದುಡಿಮೆ ಗಾಳಿಗೆ ಹೋಗುತ್ತದೆ. ಹೋಗಲಿ. ನನ್ನದಾಗದ್ದು ಅವನದೂ ಆಗುವುದು ಬೇಡ. ಹೀಗೆ ಯೋಚಿಸಿ ಅವನು ಕಾಗದವನ್ನು ಕಳಿಸಲು ಸಿದ್ಧ ಮಾಡಿ ಇಟ್ಟುಕೊಂಡ.

ಅಷ್ಟರಲ್ಲಿ ವಾರ್ಡನ್ ಅಮ್ಮ ಬಂದರು. ಅವರು ಯಾವುದೋ ಹಾಸ್ಟೆಲಿನ ವಾರ್ಡನ್. ಅಂಗಳದಲ್ಲಿ ಶಿಸ್ತು ನೋಡಿಕೊಳ್ಳುವ ಕೆಲಸವನ್ನು ಯಾರೂ ಕೊಡದಿದ್ದರೂ ತಾವೇ ತೆಗೆದುಕೊಂಡವರು. ಅವರು ಬರೆದದ್ದು ಒಂದೇ ಪದ: ‘ಅದಲುಬದಲು.’

ಅದಲುಬದಲು ಅಂಗಳದ ಹಳೆಯ ಕಟ್ಟುಪಾಡು. ಯಾರಾದರೂ ಆ ಪದ ಹೇಳಿದರೆ ಜಗಳ ನಿಲ್ಲಬೇಕು. ಜಗಳವಾಡುವ ಇಬ್ಬರೂ ತಮ್ಮ ಮಾತು ಬಿಟ್ಟು ಎದುರಾಳಿಯ ಮಾತನ್ನು ಬರೆಯಬೇಕು, ಎದುರಾಳಿ ಅದನ್ನು ಓದಿ ‘ಹೌದು, ಇದೇ ನನ್ನ ಮಾತು’ ಎನ್ನಬೇಕು. ಅನ್ನುವವರೆಗೆ ಬಿಡುಗಡೆಯಿಲ್ಲ, ಸುಳ್ಳು ಹೇಳಿ ಅಲ್ಲ ಎನ್ನುವಂತೆಯೂ ಇಲ್ಲ. ಈ ಕಟ್ಟುಪಾಡು ಮಾಡಿದ ಬುದ್ಧಿವಂತ ಯಾರು ಎಂದರೆ ದೊಡ್ಡಳಿಯನೇ. ಹಿಂದೊಮ್ಮೆ ರಜೆಯ ಚೌಕಕ್ಕೆ ಕೆಂಪು ಬಣ್ಣವೋ ಹಸಿರು ಬಣ್ಣವೋ ಎಂದು ಇಬ್ಬರು ಜುಟ್ಟು ಹಿಡಿದುಕೊಂಡಾಗ, ದೂರ ನಿಂತು ನ್ಯಾಯ ಹೇಳುವ ಸುಖದಲ್ಲಿ ಮಾಡಿದ್ದ. ಜಗಳ ಬೇರೆಯವರದಾದಾಗ ಎಲ್ಲರ ತಲೆಯೂ ತಣ್ಣಗೇ ಇರುತ್ತದೆ.

‘ಹಿರಿಯರು ಮೊದಲು’ ಎಂದರು ವಾರ್ಡನ್ ಅಮ್ಮ.

ದೊಡ್ಡಳಿಯ ಹಲ್ಲು ಕಡಿಯುತ್ತಾ ಬರೆದ: ‘ಪಂಪಣ್ಣನವರ ಮಾತು ಇಷ್ಟು. ನಾನು ಬರುವ ಮುಂಚೆ ಇದ್ದದ್ದೆಲ್ಲ ತಪ್ಪು, ಬಂದ ಮೇಲೆ ಆದದ್ದೆಲ್ಲ ಸರಿ.’

‘ಅಲ್ಲ, ಇದು ನನ್ನ ಮಾತಲ್ಲ’ ಎಂದ ಪಂಪಣ್ಣ.

ಎರಡನೇ ಸಲ ದೊಡ್ಡಳಿಯ ಸರ್ಕಾರಿ ಭಾಷೆ ಹಿಡಿದ: ‘ರಾತ್ರಿ ಪಾಳಿಯನ್ನು ಆರಂಭದ ದಿನಾಂಕಕ್ಕೆ ಸೇರಿಸತಕ್ಕದ್ದು ಎಂಬುದು ಅರ್ಜಿದಾರರ ಕೋರಿಕೆಯಾಗಿರುತ್ತದೆ.’

‘ಕೋರಿಕೆ ಹೌದು. ಯಾಕೆ ಅನ್ನೋದು ಇನ್ನೂ ಬಂದಿಲ್ಲ’ ಎಂದು ಉತ್ತರ ಬಂತು. ಅದಕ್ಕೂ ಜನ ಮೆಚ್ಚುಗೆ ಒತ್ತಿದರು. ದೊಡ್ಡಳಿಯ ಫೋನನ್ನು ದಿಂಬಿನ ಕೆಳಗೆ ತುರುಕಿದ.

ಆ ಭಾನುವಾರ ಅತ್ತೆಯ ಮನೆಯಲ್ಲಿ ಊಟ. ತಪ್ಪಿಸಿಕೊಳ್ಳಲು ತಲೆನೋವು ಎಂದು ನೋಡಿದ, ಹೆಂಡತಿ ‘ನಿಮ್ ತಲೆನೋವಿಗೆ ಪಂಪು ಅಂತ ಹೆಸರು, ಗೊತ್ತು ನಂಗೆ, ಶರ್ಟ್ ಹಾಕ್ಕೊಳ್ರೀ’ ಎಂದಳು. ಅತ್ತೆಯ ಮನೆಯಲ್ಲೂ ಒಂದು ಕಟ್ಟುಪಾಡಿತ್ತು. ಹಿಂದೊಮ್ಮೆ ಅಳಿಯಂದಿರಿಬ್ಬರೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಾಳಿಯ ಬಗ್ಗೆ ವಾದ ಮಾಡಿದ ರಭಸಕ್ಕೆ ಹಾಲು ಪೂರ್ತಿ ಉಕ್ಕಿ ಹೋಗಿ, ‘ಈ ಮನೇಲಿ ಊಟದ ಮುಂದೆ ಕಂಪ್ಯೂಟರ್ ಸುದ್ದಿ ಎತ್ತಿದ್ರೆ ಇಬ್ರಿಗೂ ತಟ್ಟೆ ಇಲ್ಲ’ ಎಂದು ಅತ್ತೆ ಅಪ್ಪಣೆ ಮಾಡಿದ್ದರು.

ಎಲ್ಲರೂ ಉಣ್ಣುತ್ತಿದ್ದರು. ಅತ್ತೆ ಚಿಕ್ಕಳಿಯನಿಗೆ ಕೇಳದೆಯೇ ಎರಡನೇ ಸಲ ಬಡಿಸಿದರು, ದೊಡ್ಡಳಿಯ ಅದನ್ನು ನೋಡಿ ನೋಡದವನಂತೆ ನೀರು ಕುಡಿದ. ಮಾತು ಹೇಗೋ ಮೊಮ್ಮಗಳು ಹುಟ್ಟಿದ ದಿನಕ್ಕೆ ಹೊರಳಿತು. ‘ಬುಧವಾರ ಅಲ್ವಾ ಅವಳು ಹುಟ್ಟಿದ್ದು?’ ಎಂದರು ಅತ್ತೆ.

‘ಇಲ್ಲ ಅತ್ತೆ, ಗುರುವಾರ’ ಎಂದ ದೊಡ್ಡಳಿಯ. ‘ಗುರುವಾರ ರಾತ್ರಿ ಎರಡು ಗಂಟೆಗೆ.’

‘ರಾತ್ರಿ ಎರಡು ಗಂಟೆ ಅಂದ್ರೆ ಶುಕ್ರವಾರ ಆಗೋಯ್ತಲ್ರೀ’ ಎಂದಳು ಹೆಂಡತಿ. ‘ಸರ್ಟಿಫಿಕೇಟಲ್ಲೂ ಶುಕ್ರವಾರ ಅಂತಾನೇ ಇದೆ.’

‘ಸರ್ಟಿಫಿಕೇಟಲ್ಲಿ ಏನಾದ್ರೂ ಇರ್ಲಿ. ಗುರುವಾರ ಬೆಳಿಗ್ಗೆ ಎದ್ದೋನು, ಇನ್ನೂ ಮಲಗೇ ಇರ್ಲಿಲ್ಲ ನಾನು. ಆಸ್ಪತ್ರೆ ವರಾಂಡದಲ್ಲಿ ಓಡಾಡ್ತಾ ಇದ್ದೆ. ಮಲಗದೇ ಇರೋನಿಗೆ ಶುಕ್ರವಾರ ಹೆಂಗಾಗುತ್ತೆ? ಗುರುವಾರ ರಾತ್ರೀನೇ ಅದು!’

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಅವನ ಕಿವಿಗೆ ಬಿತ್ತು. ತುತ್ತು ಹಿಡಿದ ಕೈ ಹಾಗೇ ನಿಂತಿತು. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು, ಅವಳ ಭುಜ ಕುಲುಕುತ್ತಿತ್ತು. ಅವನು ಮೆಲ್ಲಗೆ ಷಡ್ಡಕನ ಕಡೆ ಕಣ್ಣು ಹಾಯಿಸಿದ. ಸಿಕ್ಕಿಬಿದ್ದವನನ್ನು ಹಿಡಿದು ಹಿಂಡಲು ಇದಕ್ಕಿಂತ ಒಳ್ಳೆ ಸಮಯ ಯಾರಿಗೂ ಸಿಗುವುದಿಲ್ಲ. ಚಿಕ್ಕಳಿಯ ತಟ್ಟೆಯಿಂದ ತಲೆ ಎತ್ತಲಿಲ್ಲ.

‘ಅತ್ತೆ, ಸ್ವಲ್ಪ ನೀರು’ ಎಂದ, ಅಷ್ಟೆ.

ಕೈ ತೊಳೆಯುವ ಜಾಗದಲ್ಲಿ ಇಬ್ಬರೇ ಆದಾಗ ದೊಡ್ಡಳಿಯನಿಗೆ ತಡೆಯಲಾಗಲಿಲ್ಲ. ‘ಯಾಕೋ, ಆಗ ಏನೂ ಅನ್ಲಿಲ್ಲ ನೀನು?’

‘ಊಟದ ಮುಂದೆ ಬೇಡ ಅಂತ ಅತ್ತೆ ಹೇಳಿದಾರಲ್ಲಣ್ಣ’ ಎಂದು ಅವನು ಟವೆಲ್ ಕೊಟ್ಟ.

ಗೆಲ್ಲಬಹುದಾಗಿದ್ದವನು ಗೆಲ್ಲದೆ ಬಿಟ್ಟುಕೊಟ್ಟಿದ್ದ. ದೊಡ್ಡಳಿಯನಿಗೆ ಮೈ ಪರಚಿಕೊಳ್ಳುವಂತಾಯಿತು. ಬುದ್ಧಿಯಲ್ಲಿ ಮುಂದಿದ್ದದ್ದು ಸಾಲದೆಂದು ಒಳ್ಳೆಯತನದಲ್ಲೂ ಮುಂದೆ ಹೋಗಬೇಕೇ ಇವನು?

ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ರಕ್ತದ ಕೊಳವೆಗಳು ಯಂತ್ರದೊಳಗೆ ಗಿರ್ರೆಂದು ತಿರುಗುತ್ತಿದ್ದಾಗ ಅವನು ಕಂಪ್ಯೂಟರ್ ಮುಂದೆ ಕೂತ. ಪರದೆಯ ಒಂದು ಕಡೆ ಬೇರೆ ಒಲೆಯ ಕಾಗದ, ಇನ್ನೊಂದು ಕಡೆ ಖಾಲಿ ಜಾಗ. ಕಾಗದ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟ. ಒಂದು ಸಲ ಒತ್ತಿದರೆ ಮುಗಿಯಿತು. ‘ಮಲಗದೇ ಇರೋನಿಗೆ ಶುಕ್ರವಾರ ಹೆಂಗಾಗುತ್ತೆ’ ಎಂಬ ತನ್ನದೇ ಮಾತು ಕಿವಿಯಲ್ಲಿ ಕೂತಿತ್ತು, ಓಡಿಸಿದರೂ ಹೋಗಲಿಲ್ಲ. ಅದನ್ನು ಹೊರಗೆ ಹಾಕಿದರಾದರೂ ಹೋದೀತೆಂದು ಖಾಲಿ ಜಾಗದಲ್ಲಿ ಬರೆಯತೊಡಗಿದ.

‘ಪಂಪಣ್ಣನವರ ಮಾತು. ರಾತ್ರಿ ದುಡಿಯುವವನಿಗೆ ಮಲಗಿ ಏಳುವ ತನಕ ನಾಳೆ ಆಗುವುದಿಲ್ಲ. ಗಡಿಯಾರದಲ್ಲಿ ಹನ್ನೆರಡು ದಾಟಿದರೂ ಅವನು ನಿನ್ನೆಯಲ್ಲೇ ಇರುತ್ತಾನೆ. ಅವನು ಶನಿವಾರ ರಾತ್ರಿ ಬರುತ್ತೇನೆಂದು ಹೆಂಡತಿಗೆ ಮಾತು ಕೊಡುವಾಗ ಅವನ ಶನಿವಾರವೂ ಅವಳ ಶನಿವಾರವೂ ಒಂದೇ. ಪಾಳಿ ಮಾತ್ರ ತನ್ನದೇ ಬೇರೆ ಶನಿವಾರ ಇಟ್ಟುಕೊಂಡು, ಅವನನ್ನು ಮನೆಯಲ್ಲಿ ಸುಳ್ಳುಗಾರನನ್ನಾಗಿ ಮಾಡುತ್ತದೆ.’

ಉತ್ತರಕ್ಕೆ ಕಾಯಬೇಕಾಗಲಿಲ್ಲ. ‘ಹೌದು, ಇದೇ ನನ್ನ ಮಾತು.’

ಅಂಗಳದಲ್ಲಿ ‘ಯಜಮಾನ್ರು ಯಜಮಾನ್ರೇ’ ಎಂದು ಯಾರೋ ಬರೆದರು. ದೊಡ್ಡಳಿಯನ ಎದೆ ಒಂದು ಗೇಣು ಉಬ್ಬಿತು. ಇನ್ನು ಪಂಪಣ್ಣನ ಸರದಿ. ಈಗ ಬಾ ಮಗನೇ, ನನ್ನ ಮಾತು ಬರಿ ನೋಡೋಣ. ಸಹಿಯ ವಿಷಯ ಎತ್ತುತ್ತಾನೆ, ಅಲ್ಲ ಎನ್ನುತ್ತೇನೆ. ಹಳೆಯ ಚರ್ಚೆಗಳಿಂದ ಏನಾದರೂ ಹೆಕ್ಕಿ ತರುತ್ತಾನೆ, ಅದಕ್ಕೂ ಅಲ್ಲ. ನಾನು ಮಣ್ಣು ಮುಕ್ಕಿದಷ್ಟು ಅವನೂ ಮುಕ್ಕಬೇಕು. ಹೀಗೆ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾ ಕೊಳವೆಗಳನ್ನು ಯಂತ್ರದಿಂದ ತೆಗೆದು ಸಾಲಾಗಿ ಜೋಡಿಸಿದ. ಬೇರೆ ಒಲೆಯ ಕಾಗದ ಇನ್ನೂ ತೆರೆದೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಪಂಪಣ್ಣನ ಬರಹ ಬಂತು.

‘ಯಜಮಾನ್ರ ಮಾತು. ಸಹಿ ಎಂದು ಅವರು ಹೇಳುತ್ತಾರೆ, ಆದರೆ ಸಹಿ ಅಲ್ಲ. ಪಾಳಿ ಬರೆಯುವಾಗ ಅವರ ಮನೆಯವರು ರಾತ್ರಿ ಡ್ಯೂಟಿಯ ನರ್ಸು. ಇವರು ಎಳೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬೆಳಗಿನ ಜಾವ ಕಿಟಕಿಯ ಹತ್ತಿರ ನಿಂತಿರುತ್ತಿದ್ದರು. ಬೀದಿಯ ತಿರುವಿನಲ್ಲಿ ಮನೆಯವರು ಕಂಡ ಮೇಲೆಯೇ ಆ ಮನೆಗೆ ಬೆಳಗಾಗುತ್ತಿತ್ತು. ಹೊರಟವರು ಹೊರಟರು, ಅಷ್ಟೆ, ಅದಕ್ಕೆ ಲೆಕ್ಕವಿಲ್ಲ. ತಿರುಗಿ ಮನೆಗೆ ಬಂದ ಮೇಲೆ ಒಂದು ರಾತ್ರಿ ಮುಗಿಯಿತು ಎಂದು ಬರೆದುಕೊಳ್ಳಬಹುದು. ಅದಕ್ಕೇ ಯಜಮಾನ್ರು ರಾತ್ರಿಯನ್ನು ಬಂದ ದಿನಕ್ಕೆ ಬರೆದರು. ಇದು ಲೆಕ್ಕದ ತಪ್ಪಲ್ಲ. ನಾನು ದುಡಿಯುವವನ ಲೆಕ್ಕ ಹೇಳುತ್ತಿದ್ದೇನೆ, ಅವರು ಕಾಯುವವರ ಲೆಕ್ಕ ಬರೆದಿದ್ದಾರೆ.’

ದೊಡ್ಡಳಿಯ ಓದಿದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳುವುದಿರಲಿ, ಅವನಿಗೇ ಮರೆತು ಹೋಗಿತ್ತು. ವರ್ಷಗಳಿಂದ ಸಹಿ ಸಹಿ ಎಂದು ಹೇಳಿ ಹೇಳಿ ಅದನ್ನೇ ನಿಜ ಮಾಡಿಕೊಂಡಿದ್ದ. ಹೆಗಲ ಮೇಲಿನ ಕೂಸಿನ ಭಾರ, ತಣ್ಣಗಿನ ಕಿಟಕಿ ಗಾಜು, ತಿರುವಿನಲ್ಲಿ ಬಿಳಿ ಸೀರೆ ಕಾಣುವವರೆಗಿನ ಆ ಹೆದರಿಕೆ, ಎಲ್ಲ ಒಟ್ಟಿಗೆ ಬಂದವು. ಕಣ್ಣು ತುಂಬಿತು. ಹೆಂಡತಿ ಬೀದಿಯಿಂದ ಅವನನ್ನು ನೋಡಿದ್ದಳು, ನೋಡಿ ತಂಗಿಗೆ ಹೇಳಿದ್ದಳು, ತಂಗಿ ಗಂಡನಿಗೆ ಹೇಳಿದ್ದಳು. ಅವನಿಗೆ ಮಾತ್ರ ಒಂದು ದಿನವೂ ಹೇಳಿರಲಿಲ್ಲ. ಅದಕ್ಕೂ ಒಂದಿಷ್ಟು ಹೊಟ್ಟೆ ಉರಿಯಿತು.

ಕೆಳಗೆ ಅಗ್ನಿಶಾಮಕ ಠಾಣೆಯವನು ಬರೆದಿದ್ದ: ‘ಯಜಮಾನ್ರೇ, ಇದನ್ನ ನೀವೇ ಮೊದಲೇ ಹೇಳಬಾರದಿತ್ತಾ? ನಾವು ಸುಮ್ನೆ ಬಾಯಿಗೆ ಬಂದಂಗೆ ಮಾತಾಡಿದ್ವಲ್ಲ.’

ಹೇಳಬಾರದಿತ್ತೇ? ಗೊತ್ತಿದ್ದರೆ ತಾನೇ ಹೇಳುವುದು! ತನ್ನ ಎದೆಯೊಳಗಿನದನ್ನು ತನಗಿಂತ ಮೊದಲು, ತನಗಿಂತ ಚೆನ್ನಾಗಿ ಇವನು ಬರೆದಿದ್ದ. ದೊಡ್ಡಳಿಯ ಕಣ್ಣೊರೆಸಿಕೊಂಡು ಒಂದಾದರೂ ತಪ್ಪು ಸಿಗುತ್ತದೇನೋ ಎಂದು ಹುಡುಕಿದ. ಕಿಟಕಿ ಅಲ್ಲ, ಬಾಗಿಲು ಎಂದರೆ? ‘ಅಲ್ಲ’ ಎಂದು ಟೈಪು ಮಾಡಿಯೂ ಬಿಟ್ಟ. ಕರ್ಸರ್ ಮಿಣುಕುತ್ತಾ ಕಾಯುತ್ತಿತ್ತು. ಸುಳ್ಳು ಹೇಳಿ ಅಲ್ಲ ಎನ್ನುವಂತಿಲ್ಲ ಎಂದು ಕಟ್ಟುಪಾಡು ಮಾಡಿದವನು ಅವನೇ. ಮತ್ತು ಅದು ಕಿಟಕಿಯೇ ಆಗಿತ್ತು.

ಒಂದೊಂದೇ ಅಕ್ಷರ ಅಳಿಸಿದ. ‘ಹೌದು, ಇದೇ ನನ್ನ ಮಾತು’ ಎಂದು ಬರೆದು ಕಳಿಸಿದ. ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘ಡ್ಯೂಟಿಗೆ ಹೋಗುವವರು ಪಾಳಿಯನ್ನು ನೋಡುವುದು ಹೋಗುವುದಕ್ಕೆ. ರಾತ್ರಿ ಶುರುವಾದ ದಿನದ್ದೇ ಆಗಲಿ.’ ಆಮೇಲೆ ಬೇರೆ ಒಲೆಯ ಕಾಗದವನ್ನು ಕೊನೆಯ ಸಲ ಓದಿದ. ಭಾಷೆ ಚೆನ್ನಾಗಿತ್ತು, ಅಳಿಸುವಾಗ ಅದಕ್ಕಾಗಿ ಸ್ವಲ್ಪ ಬೇಜಾರಾಯಿತು.

ಬೀಗದ ಕೈಯ ಮಾತು ಬಾಕಿ ಉಳಿದಿತ್ತು. ಅದನ್ನು ಅಂಗಳದಲ್ಲಿ ಕೊಡುವ ಮನಸ್ಸಾಗಲಿಲ್ಲ, ಚಪ್ಪಾಳೆ ಮತ್ತೆ ಪಂಪಣ್ಣನಿಗೇ ಬೀಳುತ್ತದೆ. ಇನ್ನೊಂದು ಕೈಯನ್ನು ಷಡ್ಡಕನ ಹೆಸರಿಗೆ ಮಾಡಿ, ಫೋನಿನಲ್ಲಿ ಅವನೊಬ್ಬನಿಗೇ ಬರೆದ. ‘ತಾವು’ ಬರಲಿಲ್ಲ.

‘ಕೀ ಕಳಿಸಿದೀನಿ, ನೋಡ್ಕೋ. ಜೋಪಾನ. ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳ್ಬೇಡ. ರಾತ್ರಿ ಯಾವ ದಿನದ್ದಾದ್ರೆ ನಂಗೇನಾಗ್ಬೇಕಿತ್ತು? ನೀನು ಬಂದಾಗಿಂದ ಎಲ್ರೂ ನಿನ್ನನ್ನೇ ಹೊಗಳ್ತಾರೆ, ಅತ್ತೆನೂ ನಿಂಗೇ ಬಡಿಸ್ತಾರೆ, ಕೊನೆಗೆ ನನ್ನ ಮಾತನ್ನೂ ನನಗಿಂತ ಚೆನ್ನಾಗಿ ನೀನೇ ಬರೆದೆ. ಹೊಟ್ಟೆ ಉರೀತಿದೆ ಕಣೋ ನಂಗೆ. ಆವಾಗ್ಲೂ ಉರೀತಿತ್ತು, ಈಗ್ಲೂ ಉರೀತಿದೆ.’

ಕಳಿಸಿದ ಮೇಲೆ ನಾಲಿಗೆ ಕಚ್ಚಿಕೊಂಡ. ಪಂಪ್‌ಹೌಸಿನಿಂದ ಉತ್ತರ ಬಂತು.

‘ಹೌದು ಅಣ್ಣ,’ ಎಂದಿತ್ತು ಅದು, ‘ಇದೇ ನಿಮ್ಮ ಮಾತು.’